ಹಿಮದಲ್ಲಿ ಗಾಡಿ ನಿಲ್ಲೋದು ಹೇಗೆ? ನೋಕಿಯಾ ಊರಿನಿಂದ 21 ಇಂಚಿನ ಚಕ್ರದವರೆಗೆ

ಇವತ್ತಿನ ಕಥೆ ಶುರುವಾಗೋದು ಒಂದು ಫೋನ್ ಕಾಲ್‌ನಿಂದ.

ನಮ್ಮ ಅಕ್ಕ, ಭಾವ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಹೋದ ಅಕ್ಟೋಬರ್‌ನಲ್ಲಿ ಭಾವ ಒಂದು ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಎಸ್‌ಯುವಿ ತಗೊಂಡ್ರು. ಎರಡು ಟನ್‌ಗಿಂತ ಜಾಸ್ತಿ ತೂಕ, ನಾಲ್ಕೂ ಚಕ್ರಕ್ಕೆ ಪವರ್, 21 ಇಂಚಿನ ಅಲಾಯ್ ವೀಲ್. ಆದರೆ ಅದರಲ್ಲಿದ್ದದ್ದು ಬೇಸಿಗೆ ಟೈರ್. ಚಳಿಗಾಲದಲ್ಲಿ ವಾರಾಂತ್ಯ ಬಂದ್ರೆ ಇವರು ಮಕ್ಕಳನ್ನ ಕರಕೊಂಡು ಆಸ್ಟ್ರಿಯಾದ ಬೆಟ್ಟಗಳ ಕಡೆ ಹೊರಡೋರು. ಹಾಗಾಗಿ ವಿಂಟರ್ ಟೈರ್ ಬೇಕೇ ಬೇಕು.

ಭಾವ ಕೇಳಿದ್ರು: "ಇದೇ 21 ಇಂಚಿಗೆ ವಿಂಟರ್ ಟೈರ್ ಹಾಕಿಸಲಾ, ಇಲ್ಲ 19 ಇಂಚಿನ ಇನ್ನೊಂದು ಸೆಟ್ ವೀಲ್ ತಗೊಳ್ಳಲಾ? 19 ಹಾಕಿದ್ರೆ ಗಾಡಿ ಸೊರಗಿದ ಹಾಗೆ ಕಾಣುತ್ತೆ ಕಣಪ್ಪ." ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ: "ಹೇಗೆ ಕಾಣುತ್ತೆ ಅನ್ನೋದು ಬಿಡ್ರೀ, ನಿಲ್ಲುತ್ತಾ ಅಂತ ಕೇಳಿ."

ಅಕ್ಕ ಕೇಳಿದ್ದೇ ಸರಿಯಾದ ಪ್ರಶ್ನೆ. ನೂರು ವರ್ಷಕ್ಕಿಂತ ಹಳೇ ಪ್ರಶ್ನೆ ಕೂಡ. ಅದಕ್ಕೆ ಜನ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕಂಡುಕೊಂಡ್ರು. ಬನ್ನಿ, ಅದನ್ನೇ ನೋಡೋಣ.

ಮೊದಲ ಉತ್ತರ, ಸರಪಳಿ. ಕಾರುಗಳು ಹೊಸದಾಗಿ ಬಂದಾಗ ಅಮೆರಿಕದಲ್ಲಿ ಜನ ಕೆಸರು, ಹಿಮ ಸಿಕ್ಕರೆ ಚಕ್ರಕ್ಕೆ ಹಗ್ಗ ಸುತ್ತಿ ಓಡಿಸ್ತಾ ಇದ್ರು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಅನ್ನೋರು ಹಗ್ಗದ ಜಾಗದಲ್ಲಿ ಕಬ್ಬಿಣದ ಚೈನ್ ತಂದು, 1904ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಕಡಿದಾದ ಬೆಟ್ಟದ ರಸ್ತೆಯಲ್ಲಿ ಕೊನೆಯ ಆಸರೆ ಅದೇ. ಆದರೆ ಚೈನ್ ಹಾಕಿಕೊಂಡು ಜೋರಾಗಿ ಹೋಗೋಕಾಗಲ್ಲ, ಹಿಮ ಇಲ್ಲದ ರಸ್ತೆ ಬಂದ್ರೆ ಬಿಚ್ಚಲೇಬೇಕು.

ಎರಡನೇ ಉತ್ತರ ತುಂಬಾ ಸಣ್ಣದು, ಒಂದು ಗೀರು. ಕಸಾಯಿಖಾನೆಯ ಒದ್ದೆ ನೆಲದಲ್ಲಿ ಕೆಲಸ ಮಾಡ್ತಿದ್ದ ಜಾನ್ ಸೈಪ್ ಅನ್ನೋರು, ಜಾರದಿರಲಿ ಅಂತ ತಮ್ಮ ಬೂಟಿನ ಅಟ್ಟೆಗೆ ಚಾಕುವಿನಿಂದ ಸಣ್ಣ ಸಣ್ಣ ಗೀರು ಹಾಕಿಕೊಂಡ್ರು ಅನ್ನೋ ಕಥೆ ಇದೆ. 1923ರಲ್ಲಿ ಅವರಿಗೆ ಪೇಟೆಂಟ್ ಸಿಕ್ತು. ಇವತ್ತು ಯಾವುದೇ ವಿಂಟರ್ ಟೈರ್ ನೋಡಿ, ಅದರ ಬಟನ್‌ಗಳ ಮೇಲೆಲ್ಲ ಕೂದಲೆಳೆಯಂಥ ಗೀರುಗಳಿರುತ್ತವೆ. ಅವುಗಳ ಹೆಸರೇ ಸೈಪ್. ಚಕ್ರ ಉರುಳುವಾಗ ಈ ಗೀರು ಬಾಯಿಬಿಟ್ಟು ಹಿಮವನ್ನ ಕಚ್ಚುತ್ತೆ.

ಈಗ ನಿಮ್ಮ ಕೈಲಿರೋ ಫೋನ್ ಕಡೆ ಬರೋಣ. ನಿಮ್ಮ ಮನೆಗೆ ಬಂದ ಮೊದಲ ಮೊಬೈಲ್ ನೋಕಿಯಾ ಆಗಿತ್ತಾ? ಹಾಗಿದ್ರೆ ಈ ವಿಷಯ ಖುಷಿ ಕೊಡುತ್ತೆ. ನೋಕಿಯಾ ಅನ್ನೋದು ಫಿನ್‌ಲೆಂಡಿನ ಒಂದು ಊರು. 1898ರಲ್ಲಿ ಶುರುವಾದ ಫಿನ್ನಿಶ್ ರಬ್ಬರ್ ಕಾರ್ಖಾನೆ 1904ರಲ್ಲಿ ಆ ಊರಿಗೆ ಬಂತು. ಗಲೋಶಸ್ ಅಂತ ಕರೆಯೋ ರಬ್ಬರ್ ಮೇಲ್‌ಬೂಟು ಮಾಡ್ತಿದ್ದ ಕಾರ್ಖಾನೆ ಆಮೇಲೆ ಟೈರ್‌ಗೂ ಕೈ ಹಾಕ್ತು. ಫಿನ್‌ಲೆಂಡಿನಲ್ಲಿ ತಿಂಗಳುಗಟ್ಟಲೆ ಹಿಮ. ಸಾಮಾನು ಹೊತ್ತ ಲಾರಿಗಳು ಹೂತು ನಿಂತುಬಿಡ್ತಿದ್ವು. 1934ರಲ್ಲಿ ಈ ಕಾರ್ಖಾನೆ ಲಾರಿಗಳಿಗಾಗಿಯೇ 'ಕೆಲಿರೆಂಗಸ್' ಅನ್ನೋ ಟೈರ್ ತಂತು. ಅಡ್ಡಡ್ಡವಾಗಿ ದಪ್ಪ ಪಟ್ಟಿಗಳು, ನಡುವೆ ಆಳವಾದ ಸಂದು. ಜಗತ್ತಿನ ಮೊದಲ ವಿಂಟರ್ ಟೈರ್ ಅಂತ ಗುರುತಿಸೋದು ಇದನ್ನೇ. ಎರಡು ವರ್ಷ ಬಿಟ್ಟು, 1936ರಲ್ಲಿ, ಕಾರುಗಳಿಗೆ 'ಲುಮಿ ಹಕ್ಕಪೆಲಿಟ್ಟ' ಬಂತು. ಹಕ್ಕಪೆಲಿಟ್ಟ ಅಂದ್ರೆ 17ನೇ ಶತಮಾನದ ಯುದ್ಧಗಳಲ್ಲಿ ಹೋರಾಡಿದ ಫಿನ್ನಿಶ್ ಕುದುರೆ ಸವಾರರು. ಆ ಹೆಸರಿನ ಟೈರ್ ಇವತ್ತಿಗೂ ಮಾರಾಟದಲ್ಲಿದೆ. ರಬ್ಬರ್ ಕಾರ್ಖಾನೆ, ಕೇಬಲ್ ಕಾರ್ಖಾನೆ, ನೋಕಿಯಾ ಕಂಪನಿ ಮೂರೂ 1967ರಲ್ಲಿ ಒಂದಾದವು. 1988ರಲ್ಲಿ ಟೈರ್ ವಿಭಾಗ ಬೇರೆಯಾಗಿ ನೋಕಿಯನ್ ಟೈರ್ಸ್ ಆಯ್ತು. ಫೋನಿನ ನೋಕಿಯಾ, ಟೈರಿನ ನೋಕಿಯನ್ ಒಂದೇ ಮನೆಯ ಮಕ್ಕಳು!

ಆಳವಾದ ಸಂದು ಯಾಕೆ ಅಂತ ಕೇಳ್ತೀರಾ? ಹಿಮ ಹಿಮಕ್ಕೆ ಚೆನ್ನಾಗಿ ಅಂಟುತ್ತೆ. ಮಕ್ಕಳು ಹಿಮದ ಉಂಡೆ ಕಟ್ಟೋದು ನೋಡಿದ್ದೀರಲ್ಲ, ಅದೇ ಲೆಕ್ಕ. ಟೈರಿನ ಸಂದಿನೊಳಗೆ ತುಂಬಿಕೊಂಡ ಹಿಮವೇ ರಸ್ತೆಯ ಹಿಮವನ್ನ ಹಿಡಿಯುತ್ತೆ.

ಆದರೆ ಐಸ್ ಮೇಲೆ ಈ ಆಟ ನಡೆಯಲ್ಲ. ಅದಕ್ಕೆ ಮೂರನೇ ಉತ್ತರ ಬಂತು, ಮೊಳೆ. 1961ರಲ್ಲಿ ನೋಕಿಯಾದ ಕಾರ್ಖಾನೆ 'ಕೊಮೆಟಾ ಹಕ್ಕಪೆಲಿಟ್ಟ' ಅನ್ನೋ ಸ್ಟಡ್ ಟೈರ್ ತಂತು. ಸ್ಟಡ್ ಅಂದ್ರೆ ರಬ್ಬರಿನಲ್ಲಿ ಕೂರಿಸಿದ ಲೋಹದ ಸಣ್ಣ ಮೊಳೆ. ಆ ದಶಕದಲ್ಲಿ ಚಳಿ ದೇಶಗಳಲ್ಲೆಲ್ಲ ಇದು ಹಬ್ಬಿತು. ಗಾಡಿಗಳು ಐಸ್ ಮೇಲೆ ನಿಲ್ಲೋಕೆ ಶುರು ಮಾಡಿದ್ವು. ಎಲ್ಲರಿಗೂ ಸಮಾಧಾನ.

ಬಿಲ್ ಬಂದದ್ದು ಆಮೇಲೆ. ಐಸ್ ಇಲ್ಲದ ಜಾಗದಲ್ಲಿ ಅದೇ ಮೊಳೆ ಡಾಂಬರನ್ನ ಕೆರೆದು ಹಾಕ್ತು. ಅಮೆರಿಕದ ಮಿನೆಸೋಟಾ 1971ರಲ್ಲಿ, ಪಶ್ಚಿಮ ಜರ್ಮನಿ 1975ರಲ್ಲಿ ಸ್ಟಡ್ ನಿಷೇಧ ಮಾಡಿದವು. ಜಪಾನಿನ ಕಥೆ ಇನ್ನೂ ಬೇಜಾರಿನದು. ಸೆಂಡೈ ನಗರದಲ್ಲಿ ಚಳಿ ಇದೆ, ಆದರೆ ರಸ್ತೆ ಮೇಲೆ ಸದಾ ಹಿಮ ನಿಲ್ಲಲ್ಲ. ಬರೀ ಡಾಂಬರಿನ ಮೇಲೆ ಸಾವಿರಾರು ಕಾರುಗಳ ಮೊಳೆ ಓಡಿ, 1980ರ ದಶಕದಲ್ಲಿ ಊರಿನ ತುಂಬಾ ಡಾಂಬರಿನ ಧೂಳು. ಜನ ಅದನ್ನೇ ಉಸಿರಾಡಬೇಕಾಯ್ತು. ಊರಿನವರು ದನಿ ಎತ್ತಿದ್ರು. ಕೊನೆಗೆ 1990ರಲ್ಲಿ ಸ್ಟಡ್ ಟೈರ್ ಧೂಳು ತಡೆಯೋಕೆ ಅಂತಲೇ ಜಪಾನ್ ಒಂದು ರಾಷ್ಟ್ರೀಯ ಕಾನೂನು ಮಾಡಿತು. ನನ್ನ ಗಾಡಿ ನಿಲ್ಲಬೇಕು ಅನ್ನೋದು ನಿಜ, ಆದರೆ ಅದರ ಬೆಲೆ ರಸ್ತೆ ಪಕ್ಕದ ಮಗು ಕೊಡಬಾರದಲ್ವಾ?

ಹೀಗಾಗಿ ನಾಲ್ಕನೇ ಉತ್ತರವನ್ನ ಮೊಳೆಯಲ್ಲಿ ಹುಡುಕಲಿಲ್ಲ, ರಬ್ಬರಿನಲ್ಲೇ ಹುಡುಕಿದರು. 1988ರಲ್ಲಿ ಜಪಾನಿನ ಬ್ರಿಜ್‌ಸ್ಟೋನ್ 'ಬ್ಲಿಝಾಕ್' ಟೈರ್ ತಂತು. ಅದರ ರಬ್ಬರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಐಸ್ ಜಾರೋಕೆ ಮುಖ್ಯ ಕಾರಣ ಅದರ ಮೇಲಿನ ತೆಳು ನೀರಿನ ಪದರ. ಈ ರಂಧ್ರಗಳು ಆ ನೀರನ್ನ ಹೀರಿಕೊಳ್ಳುತ್ತವೆ, ರಬ್ಬರು ನೇರವಾಗಿ ಐಸನ್ನ ಮುಟ್ಟುತ್ತೆ. 1992ರಲ್ಲಿ ಮಿಶಲಿನ್ ಸಿಲಿಕಾ ಬೆರೆಸಿದ ಟೈರ್ ತಂತು. ಚಳಿಯಲ್ಲೂ ಮೆತ್ತಗಿರೋ ರಬ್ಬರ್ ಮಾಡೋಕೆ ಸಿಲಿಕಾ ದೊಡ್ಡ ಸಹಾಯ ಮಾಡ್ತು.

'7 ಡಿಗ್ರಿ' ಅನ್ನೋ ಮಾತು ಬರೋದು ಇಲ್ಲಿಂದಲೇ. ಬೇಸಿಗೆ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗ್ತಾ ಹೋಗುತ್ತೆ, ಫ್ರಿಜ್‌ನಲ್ಲಿಟ್ಟ ಬೆಣ್ಣೆ ಥರ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದ್ರೆ ವಿಂಟರ್ ಟೈರ್ ಹಾಕಿ ಅನ್ನೋದು ಅಲ್ಲಿನ ರೂಢಿ. ಅಂದ್ರೆ ಹಿಮ ಬೀಳೋವರೆಗೂ ಕಾಯೋ ಹಾಗಿಲ್ಲ. ಜರ್ಮನ್ನರ ಬಾಯಲ್ಲಿ ಒಂದು ಲೆಕ್ಕ ಇದೆ: ಅಕ್ಟೋಬರ್‌ನಿಂದ ಈಸ್ಟರ್ ತನಕ.

ಕಾನೂನು ಇದನ್ನೆಲ್ಲ ಹಿಡಿಯೋಕೆ ತಡ ಆಯ್ತು. ಹಿಂದೆ 'ಎಂ+ಎಸ್' ಅಂತ, ಅಂದ್ರೆ ಕೆಸರು ಮತ್ತು ಹಿಮ ಅಂತ, ಟೈರ್ ಮೇಲೆ ಬರೆದರೆ ಸಾಕಿತ್ತು. ಅದಕ್ಕೆ ಹಿಮದ ಪರೀಕ್ಷೆ ಏನೂ ಬೇಕಿರಲಿಲ್ಲ. 1999ರಲ್ಲಿ ಉತ್ತರ ಅಮೆರಿಕದಲ್ಲಿ ಹೊಸ ಗುರುತು ಬಂತು: ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಇದು ಸಿಗಬೇಕಾದ್ರೆ ಹಿಮದ ಮೇಲೆ ಪರೀಕ್ಷೆ ಪಾಸಾಗಲೇಬೇಕು. 2008ರಲ್ಲಿ ಕೆನಡಾದ ಕ್ವಿಬೆಕ್ ವಿಂಟರ್ ಟೈರ್ ಕಡ್ಡಾಯ ಮಾಡ್ತು. ಜರ್ಮನಿಯಲ್ಲಿ 2006ರಿಂದಲೇ ನಿಯಮ ಇತ್ತು, ಆದರೆ 'ಹವಾಮಾನಕ್ಕೆ ತಕ್ಕ' ಟೈರ್ ಅಂತ ಅಸ್ಪಷ್ಟವಾಗಿತ್ತು. 2010ರಲ್ಲಿ ಓಲ್ಡನ್‌ಬರ್ಗ್ ನ್ಯಾಯಾಲಯ ಅದನ್ನ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಸ್ಪಷ್ಟ ನಿಯಮ ಬಂತು: ಹಿಮ, ಐಸ್ ಇರೋ ರಸ್ತೆಯಲ್ಲಿ ವಿಂಟರ್ ಟೈರ್ ಇಲ್ಲದೆ ಓಡಿಸೋ ಹಾಗಿಲ್ಲ. 2024ರ ಅಕ್ಟೋಬರ್‌ನಿಂದ ಅಲ್ಲಿ ಬರೀ ಎಂ+ಎಸ್ ಇದ್ರೆ ಸಾಲದು, ಬೆಟ್ಟದ ಗುರುತು ಇರಲೇಬೇಕು.

ಸರಿ, ಇಷ್ಟೆಲ್ಲ ಕಲಿತಾಯ್ತಲ್ಲ, ಕಥೆ ಮುಗೀತು ಅಂದ್ಕೊಂಡ್ರಾ? ಅಷ್ಟರಲ್ಲಿ ಕಾರೇ ಬದಲಾಗಿಬಿಡ್ತು.

1999ರಲ್ಲಿ ಬಿಎಂಡಬ್ಲ್ಯು ಎಕ್ಸ್5 ಬಂತು. 2002ರಲ್ಲಿ ಪೋರ್ಷೆ ಕಯೆನ್. ಅದರ ಟರ್ಬೊ ಮಾದರಿಗೆ 450 ಹಾರ್ಸ್‌ಪವರ್. ಎತ್ತರದ ಗಾಡಿ, ಸ್ಪೋರ್ಟ್ಸ್ ಕಾರಿನ ಓಟ. ಆಮೇಲೆ ಚಕ್ರಗಳು ಬೆಳೀತಾ ಹೋದವು. ಲ್ಯಾಂಬೋರ್ಗಿನಿ ಉರುಸ್‌ಗೆ 23 ಇಂಚಿನ ವೀಲ್ ಕೂಡ ಸಿಗುತ್ತೆ. ದೊಡ್ಡ ಬ್ರೇಕ್‌ಗೆ ಒಳಗೆ ಜಾಗ ಬೇಕು ಅನ್ನೋದು ಒಂದು ಕಾರಣ. ನೋಟ ಇನ್ನೊಂದು ಕಾರಣ. ಆದರೆ ಅಗಲವಾದ ಟೈರ್, ಬಳೆಯಂಥ ತೆಳು ಸೈಡ್‌ವಾಲ್, ಇವೆರಡೂ ಹಿಮಕ್ಕೆ ಹೇಳಿ ಮಾಡಿಸಿದ್ದಲ್ಲ.

ಯಾಕೆ ಅಂದ್ರೆ, ಅಗಲದ ಟೈರ್ ಹಸಿ ಹಿಮದ ಮೇಲೆ ತೇಲೋಕೆ ನೋಡುತ್ತೆ. ಕಿರಿದಾದ ಟೈರ್ ಅದೇ ತೂಕವನ್ನ ಕಡಿಮೆ ಅಗಲದ ಮೇಲೆ ಹಾಕಿ, ಹಿಮವನ್ನ ಸೀಳಿ ಕೆಳಗಿಳಿಯುತ್ತೆ. ಇನ್ನು ಹಿಮದ ಕೆಳಗೆ ಗುಂಡಿ ಇದ್ರೆ ಕಾಣಲ್ಲ. ತೆಳು ಸೈಡ್‌ವಾಲ್ ಇದ್ರೆ ಏಟು ನೇರವಾಗಿ ಅಲಾಯ್‌ಗೆ ಬೀಳುತ್ತೆ.

ಅದಕ್ಕೇ ಭಾವನಿಗೆ ಒಂದು ಲೆಕ್ಕ ಹೇಳಿದೆ. 285/40 ಆರ್21 ಅನ್ನೋ ಟೈರ್ ತಗೊಳ್ಳಿ. ಅಗಲ 285 ಮಿಲಿಮೀಟರ್. ಸೈಡ್‌ವಾಲ್ ಎತ್ತರ ಅದರ 40 ಪರ್ಸೆಂಟ್, ಅಂದ್ರೆ 114. ಮೇಲೆ ಕೆಳಗೆ ಸೇರಿ 228. ವೀಲಿನ 21 ಇಂಚು ಅಂದ್ರೆ 533. ಒಟ್ಟು 761 ಮಿಲಿಮೀಟರ್ ಎತ್ತರ. ಈಗ 255/55 ಆರ್19 ನೋಡಿ, ಇದೇ ಲೆಕ್ಕದಲ್ಲಿ 763. ಹೊರಗಿನ ಎತ್ತರದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ, ಸ್ಪೀಡೋಮೀಟರ್ ತಪ್ಪು ಹೇಳಲ್ಲ. ಆದರೆ ಟೈರ್ 30 ಮಿಲಿಮೀಟರ್ ಕಿರಿದಾಯ್ತು, ಸೈಡ್‌ವಾಲ್ 26 ಮಿಲಿಮೀಟರ್ ದಪ್ಪ ಆಯ್ತು. ಸಾಮಾನ್ಯವಾಗಿ 19 ಇಂಚಿನ ಟೈರ್ ಬೆಲೆಯೂ ಕಡಿಮೆ.

ಹಾಗಂತ ಕಣ್ಣುಮುಚ್ಚಿ ಚಿಕ್ಕ ವೀಲ್ ತರೋ ಹಾಗೂ ಇಲ್ಲ. ಪರ್ಫಾರ್ಮೆನ್ಸ್ ಎಸ್‌ಯುವಿಯ ಬ್ರೇಕ್ ಕ್ಯಾಲಿಪರ್ ದೊಡ್ಡದು, ಕೆಲವಕ್ಕೆ 19 ಇಂಚು ಕೂರೋದೇ ಇಲ್ಲ. ಯಾವ ಅಳತೆಗೆ ಅನುಮತಿ ಇದೆ ಅಂತ ಗಾಡಿಯ ದಾಖಲೆಯಲ್ಲೇ ಇರುತ್ತೆ, ಮೊದಲು ಅದನ್ನ ನೋಡಬೇಕು. ಬೋಲ್ಟ್‌ಗಳ ಅಂತರ, ವೀಲಿನ ಆಫ್‌ಸೆಟ್ ಹೊಂದಬೇಕು. ಟೈರ್ ಮೇಲಿನ ಲೋಡ್ ಇಂಡೆಕ್ಸ್ ನೋಡಬೇಕು: 111 ಅಂದ್ರೆ ಆ ಒಂದು ಟೈರ್ 1090 ಕೆ.ಜಿ. ಹೊರುತ್ತೆ. ಇಂಥ ಭಾರದ ಗಾಡಿಗೆ ಇದರಲ್ಲಿ ರಾಜಿ ಬೇಡ. ವೇಗದ ಅಕ್ಷರದಲ್ಲಿ ಮಾತ್ರ ಸ್ವಲ್ಪ ಸಡಿಲ ಇದೆ. ಗಾಡಿ ಎಷ್ಟೇ ವೇಗದ್ದಾಗಲಿ, ಜರ್ಮನಿಯಲ್ಲಿ 210 ಕಿ.ಮೀ. ಮಿತಿಯ 'ಎಚ್' ವಿಂಟರ್ ಟೈರ್ ಹಾಕಬಹುದು. ಆದರೆ ಆ ಮಿತಿಯನ್ನ ನೆನಪಿಸೋ ಸ್ಟಿಕ್ಕರ್ ಡ್ರೈವರ್ ಕಣ್ಣೆದುರು ಇರಬೇಕು. ನಾಲ್ಕೂ ವೀಲಿಗೆ ಗಾಳಿಯ ಒತ್ತಡ ನೋಡೋ ಸೆನ್ಸರ್ ಬೇಕು. ಮುಖ್ಯವಾಗಿ, ನಾಲ್ಕೂ ವಿಂಟರ್ ಟೈರೇ ಆಗಬೇಕು, ಎರಡು ಹಾಕಿ ಎರಡು ಉಳಿಸೋ ಹಾಗಿಲ್ಲ.

21 ಇಂಚಿನ ಪರವಾಗಿ ಏನೂ ಇಲ್ವಾ? ಇದೆ. ಹಿಮವೇ ಕಾಣದ, ಒಣಗಿದ ಆಟೋಬಾನ್‌ನಲ್ಲೇ ಚಳಿಗಾಲ ಕಳೆಯೋರಿಗೆ ಅಗಲದ ವಿಂಟರ್ ಟೈರ್ ಚುರುಕಾಗಿ ತಿರುಗುತ್ತೆ, ಸ್ಟೀರಿಂಗ್ ಬಿಗಿ ಅನಿಸುತ್ತೆ. ಆದರೆ ಭಾವ ಹೋಗೋದು ಬೆಟ್ಟಕ್ಕೆ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ ಇದ್ದಾಗ ವಿಂಟರ್ ಟೈರ್ ಕಡ್ಡಾಯ, ಬಟನ್ ಕನಿಷ್ಠ 4 ಮಿಲಿಮೀಟರ್ ಇರಬೇಕು. ಕೆಲವು ರಸ್ತೆಗಳಲ್ಲಿ ಚೈನ್ ಕೂಡ ಬೇಕಾಗುತ್ತೆ. ಅಗಲದ ಟೈರಿಗೆ ಚೈನ್ ಹಾಕೋಕೆ ಒಳಗೆ ಜಾಗವೇ ಇರಲ್ಲ ಎಷ್ಟೋ ಸಲ.

"ಆದರೆ ಇದು ನಾಲ್ಕೂ ಚಕ್ರ ಎಳೆಯೋ ಗಾಡಿ ಅಲ್ವೇನಪ್ಪ?" ಅಂದ್ರು ಭಾವ. ಎಲ್ಲರೂ ಎಡವೋದು ಇಲ್ಲೇ. ಫೋರ್ ವೀಲ್ ಡ್ರೈವ್ ಗಾಡಿಯನ್ನ ಹೊರಡಿಸುತ್ತೆ, ನಿಲ್ಲಿಸಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೇ ಇರೋದು. ನಿಲ್ಲಿಸೋದು ರಸ್ತೆ ಮುಟ್ಟಿರೋ ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. ಗಾಡಿ ಸಲೀಸಾಗಿ ಹೊರಟುಬಿಡೋದರಿಂದ ರಸ್ತೆ ಎಷ್ಟು ಜಾರುತ್ತೆ ಅನ್ನೋದೇ ನಮಗೆ ಗೊತ್ತಾಗಲ್ಲ. ಗೊತ್ತಾಗೋದು ಮುಂದಿನ ತಿರುವಿನಲ್ಲಿ.

ಇದು ಬರೀ ಜರ್ಮನಿಯವರಿಗೆ ಹೇಳೋ ಮಾತಲ್ಲ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಆಚೆ ಹಿಮ ನೋಡೋಕೆ ಚಳಿಗಾಲದಲ್ಲೂ ಜನ ಹೋಗ್ತಾರೆ, ನಮ್ಮ ಬೆಂಗಳೂರಿನವರೂ ಹೋಗ್ತಾರೆ. ಅಲ್ಲಿ ಎಸ್‌ಯುವಿಗಳು ಸ್ಲೋ ಮೋಷನ್‌ನಲ್ಲಿ ಜಾರೋ ವಿಡಿಯೋ ನೀವೂ ನೋಡಿರ್ತೀರಿ. ಡ್ರೈವರ್ ಬ್ರೇಕ್ ಒತ್ತಿಯೇ ಇರ್ತಾನೆ, ಚಕ್ರ ನಿಂತೇ ಇರುತ್ತೆ, ಗಾಡಿ ಮಾತ್ರ ಹೋಗ್ತಾ ಇರುತ್ತೆ. ನಗು ಬರುತ್ತೆ, ಒಳಗೆ ಕೂತವರ ಮುಖ ಕಾಣದಿರೋವರೆಗೆ.

1934ರ ಲಾರಿ ಡ್ರೈವರ್‌ಗೆ ಗೊತ್ತಿದ್ದ ವಿಷಯವನ್ನ ನಾವು 450 ಹಾರ್ಸ್‌ಪವರ್ ಕೊಂಡ ಮೇಲೆ ಮರೆತುಬಿಟ್ವಿ, ಅಷ್ಟೇ.

ಭಾವ ಕೊನೆಗೆ 19 ಇಂಚಿನ ಸೆಟ್ ತಗೊಂಡ್ರು. 21 ಇಂಚಿನವು ನೆಲಮಾಳಿಗೆಯಲ್ಲಿ ಈಸ್ಟರ್‌ಗೆ ಕಾಯ್ತಾ ಕೂತವು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಅಕ್ಕನ ವಾಟ್ಸಾಪ್ ಬಂತು. ಹಿಮ ಮೆತ್ತಿದ ಗಾಡಿಯ ಫೋಟೋ, ಕೆಳಗೆ ಒಂದೇ ಸಾಲು: "ಮನೆ ಸೇರಿದ್ವಿ. ಮಕ್ಕಳು ಮಲಗಿದಾವೆ."

ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ. ಅಲ್ಲಿವರೆಗೂ, ಹುಷಾರಾಗಿ ಗಾಡಿ ಓಡಿಸಿ.