ಕಾರಿಗೇಕೆ ಭೂತದ ಹೆಸರು?

ಬಹಳ ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತಿದ್ದೆ. ಹಳೆಯ ಪತ್ರಿಕೆಯೊಂದರಲ್ಲಿದ್ದ ರೋಲ್ಸ್-ರಾಯ್ಸ್ 'ಸಿಲ್ವರ್ ಘೋಸ್ಟ್' ಕಾರಿನ ಚಿತ್ರವನ್ನು ತೋರಿಸಿ, ಆ ಹೆಸರಿನ ಅರ್ಥ 'ಬೆಳ್ಳಿಯ ಭೂತ' ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅಷ್ಟು ಚೆಂದದ ಕಾರಿಗೆ ಭೂತದ ಹೆಸರು ಯಾಕೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ಉತ್ತರ ತಿಳಿದಿರಲಿಲ್ಲ, ಗದರಿಸಿ ಕೂರಿಸಿದೆ. ನಿವೃತ್ತನಾದ ಮೇಲೆ ಓದಿ ತಿಳಿದುದನ್ನು ಈಗ ಬರೆಯುತ್ತಿದ್ದೇನೆ.

ಹೆನ್ರಿ ರಾಯ್ಸ್ 1906ರಲ್ಲಿ ಹೊರತಂದ ಆ ಮಾದರಿಯ ಹೆಸರು ಕೇವಲ '40/50'. ಮರುವರ್ಷ ಕಂಪನಿಯ ವ್ಯವಸ್ಥಾಪಕ ಕ್ಲಾಡ್ ಜಾನ್ಸನ್ ಅಂತಹ ಒಂದು ಕಾರಿಗೆ ಬೆಳ್ಳಿಯ ಬಣ್ಣ ಬಳಿಸಿ, 'ಸಿಲ್ವರ್ ಘೋಸ್ಟ್' ಎಂಬ ಫಲಕ ಹಾಕಿಸಿದ. ಅಂದಿನ ಕಾರುಗಳು ಗಡಗಡನೆ ನಡುಗುತ್ತ, ಊರಿಗೆಲ್ಲ ಕೇಳಿಸುವಂತೆ ಸಾಗುತ್ತಿದ್ದವು. ಇದಾದರೋ ಬಂದದ್ದೇ ತಿಳಿಯದಂತೆ ಬರುತ್ತಿತ್ತು. ಆದ್ದರಿಂದಲೇ ಅದು ಭೂತ! ಒಂದು ಕಾರಿನ ಹೆಸರು ಮುಂದೆ ಇಡೀ ಮಾದರಿಗೇ ನಿಂತಿತು.

ಈ ಮೌನ ಸುಲಭವಾಗಿ ದೊರೆತುದಲ್ಲ. ಆರು ಸಿಲಿಂಡರುಗಳ, 7 ಲೀಟರಿನ ಎಂಜಿನ್. ಅದರ ದಪ್ಪನೆಯ ಕ್ರ್ಯಾಂಕ್ ಶಾಫ್ಟಿಗೆ ಏಳು ಬೇರಿಂಗುಗಳ ಆಧಾರ. ನಡುಕದ ಮೂಲವನ್ನೇ ರಾಯ್ಸ್ ತಡೆದಿದ್ದ. ಶಕ್ತಿ ಸುಮಾರು 48 ಅಶ್ವಶಕ್ತಿ ಮಾತ್ರ. ಆದರೂ 1907ರಲ್ಲಿ ಆ ಕಾರು 15,000 ಮೈಲಿಗಳ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಮೊದಲ ಮಹಾಯುದ್ಧದಲ್ಲಿ ಇದೇ ಚಾಸಿಯ ಮೇಲೆ ಉಕ್ಕಿನ ಕವಚ ಹೊದಿಸಿ ಯುದ್ಧವಾಹನಗಳನ್ನೂ ಮಾಡಿದರು.

ಅದೇ ಹೆಸರನ್ನು ಹೊತ್ತ 'ಘೋಸ್ಟ್' 2009ರಲ್ಲಿ ಬಂದಿತು; ಅದರ ಎರಡನೆಯ ಪೀಳಿಗೆ 2020ರಲ್ಲಿ. ಹನ್ನೆರಡು ಸಿಲಿಂಡರುಗಳು, 6.75 ಲೀಟರ್, 563 ಅಶ್ವಶಕ್ತಿ. ಎಂಜಿನ್ನಿನ ಗಾತ್ರ ಹೆಚ್ಚು ಕಡಿಮೆ ಅಷ್ಟೇ, ಶಕ್ತಿ ಮಾತ್ರ ಹನ್ನೊಂದು ಪಟ್ಟಿಗೂ ಮಿಗಿಲು! ಸದ್ದಡಗಿಸಲೆಂದೇ 100 ಕಿಲೋಗ್ರಾಮಿಗೂ ಹೆಚ್ಚಿನ ಸಾಮಗ್ರಿಯನ್ನು ಅದರೊಳಗೆ ತುಂಬಿದ್ದಾರೆ. ಆಗ ಒಂದು ವಿಚಿತ್ರ ನಡೆಯಿತು. ಪರೀಕ್ಷೆಯ ವೇಳೆ ಒಳಗಿನ ನಿಶ್ಶಬ್ದ ಅತಿಯಾಗಿ, ಕುಳಿತವರಿಗೆ ದಿಕ್ಕು ತೋಚದಂತಾಯಿತಂತೆ. ಕೊನೆಗೆ ಬೇರೆ ಬೇರೆ ಭಾಗಗಳನ್ನು ಒಂದೇ ಶ್ರುತಿಗೆ ಹೊಂದಿಸಿ, ಪಿಸುಮಾತಿನಂತಹ ಮೆಲುದನಿಯೊಂದನ್ನು ಉಳಿಸಿಕೊಂಡರು.

ಹಳೆಯ ಕಾರಿನವರು ಸದ್ದಿಲ್ಲದಿರುವುದನ್ನು ಸಾಧಿಸಲು ಹೆಣಗಿದರು. ಹೊಸ ಕಾರಿನವರು ಅದನ್ನು ಸಾಧಿಸಿ, ಅದು ಪೂರ್ಣವಾದರೆ ಮನುಷ್ಯನಿಗೆ ಒಗ್ಗದೆಂದು ಕಂಡುಕೊಂಡರು. ಇದನ್ನು ಓದಿದಾಗ ನನಗೆ ನನ್ನ ತರಗತಿ ನೆನಪಾಯಿತು. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನವೆಂದು ಎಷ್ಟು ಹೆಮ್ಮೆಪಡುತ್ತಿದ್ದೆ! ಆ ಮೌನದೊಳಗೆ ಎಷ್ಟು ಪ್ರಶ್ನೆಗಳು ಅಡಗಿಹೋದವೋ.

ಹಿಂದಿನ ಬೆಂಚಿನಲ್ಲಿದ್ದವನೇ, ನೀನು ಇದನ್ನು ಓದುತ್ತಿದ್ದರೆ, ಇಗೋ ನಿನ್ನ ಉತ್ತರ. ಬಹಳ ತಡವಾಯಿತು, ಕ್ಷಮಿಸಪ್ಪ.