ಜಾಮೀನು

ಅರಬ್ಬಿಯಲ್ಲಿ ‘ದಾಮಿನ್’ ಎಂದರೆ ಹೊಣೆ ಹೊತ್ತ ಮನುಷ್ಯ. ಪಾರಸಿ ಬಾಯಲ್ಲಿ ಅದು ‘ಝಾಮಿನ್’. ಕನ್ನಡದಲ್ಲಿ ‘ಜಾಮೀನು’ ಎಂದರೆ ಹೊಣೆಯೇ. ಹೊತ್ತವನಿಗಾಗಿ ನಾವು ‘ದಾರ’ ಸೇರಿಸಿ ಜಾಮೀನುದಾರ ಎಂದೆವು. ಮನುಷ್ಯ ಎರಡು ಸಲ ಬಂದ! ನಮ್ಮದೇ ಹಳೆಯ ಮಾತು ‘ಪೊಣೆ’, ಇಂದಿನ ಹೊಣೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜಾಮೀನು ಎಂಬ ಪದ ಕೇಳಿಸುವುದು ಕೋರ್ಟಿನಲ್ಲಿ, ಸೊಸೈಟಿ ಸಾಲದಲ್ಲಿ. ಇಲ್ಲಿ ಬೆಳೆಯುವ ಕಾಫಿ, ಕಾಳುಮೆಣಸಿನಂಥ ಸರಕು ಹಡಗು ಹತ್ತಿದಾಗ ಜಾಮೀನು ನಿಲ್ಲುವುದು ಕೇಂದ್ರ ಸರ್ಕಾರದ ರಫ್ತು ಸಾಲ ಖಾತರಿ ಸಂಸ್ಥೆ ಇಸಿಜಿಸಿ. ಅದು ಹುಟ್ಟಿದ್ದು 1957ರಲ್ಲಿ, ಮುಂಬೈಯಲ್ಲಿ. ವಿದೇಶಿ ಖರೀದಿದಾರ ದಿವಾಳಿಯಾದರೆ ಅದರ ವಿಮೆ ಪಡೆದ ರಫ್ತುದಾರನಿಗೆ ನಷ್ಟದ ಬಹುಪಾಲು ಸಿಗುತ್ತದೆ. ರಫ್ತುದಾರನೇ ಸಾಲ ತೀರಿಸದಿದ್ದರೆ, ಖಾತರಿ ಪಡೆದ ಬ್ಯಾಂಕಿಗೆ. ತೋಟದಲ್ಲೇ ಕಾಫಿ ಮಾರಿದ ಬೆಳೆಗಾರನಿಗೆ ಈ ಜಾಮೀನು ನೇರವಾಗಿ ತಲುಪುವುದಿಲ್ಲ.