ವಿಗ್ರಹಾರಾಧನೆ (ಕ್ರೈಸ್ತ ದೃಷ್ಟಿ)

ಕ್ರೈಸ್ತ ಚಿಂತನೆಯಲ್ಲಿ ವಿಗ್ರಹಾರಾಧನೆ ಎಂದರೆ ದೇವರಿಗೆ ಸಲ್ಲಬೇಕಾದ ಸ್ಥಾನವನ್ನು ಸೃಷ್ಟವಸ್ತುವಿಗೆ ಕೊಡುವುದು. ಪ್ರತಿಮೆಗೆ ಅಡ್ಡಬೀಳುವುದು ಅದರ ಒಂದು ರೂಪ ಮಾತ್ರ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ (3:5) ಲೋಭವನ್ನೂ ವಿಗ್ರಹಾರಾಧನೆಯೆಂದೇ ಎಣಿಸುತ್ತದೆ.

ಪ್ರತಿಮೆಗಳ ವಿಷಯದಲ್ಲಿ ಕ್ರೈಸ್ತರೊಳಗೆ ಒಮ್ಮತವಿಲ್ಲ. ಉಡುಪಿ ಜಿಲ್ಲೆಯಲ್ಲಿಯೇ ಈ ಭೇದ ಕಾಣುತ್ತದೆ. ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕದಲ್ಲಿ ಭಕ್ತರು ಸಂತನ ಪ್ರತಿಮೆಗೆ ನಮಿಸುತ್ತಾರೆ. ಇದು ಗೌರವವೇ ಹೊರತು ಆರಾಧನೆಯಲ್ಲವೆಂಬುದು ಕ್ಯಾಥೊಲಿಕರು ಒಪ್ಪುವ, 787ರ ಎರಡನೆಯ ನೈಸಿಯಾ ಮಹಾಸಭೆಯ ನಿರ್ಣಯ. ಬಾಸೆಲ್ ಮಿಶನ್ ಪರಂಪರೆಯ ಪ್ರಾಟೆಸ್ಟಂಟರಲ್ಲಿ ಇಂಥ ಪ್ರತಿಮಾವಂದನೆಯಿಲ್ಲ.

ಆದರೆ ಪ್ರತಿಮೆಯಿಲ್ಲದ ಮಾತ್ರಕ್ಕೆ ದೋಷವಿಲ್ಲವೆಂದು ಯಾರೂ ಹೇಳುವುದಿಲ್ಲ. ಹೃದಯವು ನೆಚ್ಚಿಕೊಂಡದ್ದೇ ಮನುಷ್ಯನ ದೇವರೆಂದು 1529ರಲ್ಲಿ ವಿವರಿಸಿದ ಮಾರ್ಟಿನ್ ಲೂಥರ್, ಹಣವನ್ನು ಅತ್ಯಂತ ಸಾಮಾನ್ಯವಾದ ವಿಗ್ರಹವೆಂದು ಕರೆದರು. 1992ರಲ್ಲಿ ಪ್ರಕಟವಾದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವು ಹಣದೊಂದಿಗೆ ಅಧಿಕಾರ, ಸುಖ, ಜನಾಂಗ, ಪೂರ್ವಜರು, ಪ್ರಭುತ್ವ ಇವುಗಳನ್ನೂ ಹೆಸರಿಸುತ್ತದೆ.